ಗುಳಿಗೆ ‘ಹೆಚ್ಚಾಗಿವೆ’ ಎಂದರೆ

ನಮ್ಮ ಡಾಬಕಾದಲ್ಲಿ ಕುಂಕುಮ ತೀರಿತು ಎಂದು ಯಾರೂ ಹೇಳುವುದಿಲ್ಲ. ಹೆಚ್ಚಾಗಿದೆ ಎನ್ನುತ್ತಾರೆ. ಬಳೆ ಒಡೆದರೂ ಹೆಚ್ಚಾಯಿತು. ಮುಗಿಯಿತು ಎಂಬ ಮಾತು ಬಾಯಲ್ಲಿ ಬರಬಾರದು ಎಂದು ಹೀಗೆ. ಚೆಂದದ ರೂಢಿಯೇ, ನಾನೇನೂ ಬೇಡ ಎನ್ನುವುದಿಲ್ಲ. ಆದರೆ ಆ ಬರಗಾಲದ ವರ್ಷ ಆ ಒಂದು ಮಾತಿನಿಂದ ನಾನು ತಲೆ ಚಚ್ಚಿಕೊಳ್ಳುವ ಹಾಗಾಯಿತು.

ನಾನು ಈ ಊರಿನ ಆಶಾ ಕಾರ್ಯಕರ್ತೆ, ಕೌಸಲ್ಯಾಬಾಯಿ. ಆ ವರ್ಷ ಅರ್ಧ ಊರು ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗಿತ್ತು. ಕುರಿ ಸಾಕುವ ಧೊಂಡಿಬಾ ಕಾಕಾ ಅವರ ಮಗ ಹಣಮಂತಪ್ಪನೂ ಹೋಗಿದ್ದ. ಅವನ ಹೆಂಡತಿ ಚಂದ್ರಭಾಗಾ ಆರು ತಿಂಗಳ ಬಸುರಿ. ಅತ್ತೆ ಮಾವನ ಜೊತೆ ಮನೆಯಲ್ಲೇ ಉಳಿದಿದ್ದಳು. ತಪಾಸಣೆ ಮಾಡಿಸಿದರೆ ಮೈಯಲ್ಲಿ ರಕ್ತದ ಅಂಶ, ಅಂದರೆ ಹಿಮೋಗ್ಲೋಬಿನ್, ಒಂಬತ್ತೇ ಇತ್ತು. ಹನ್ನೊಂದಾದರೂ ಇರಬೇಕು. ರಕ್ತ ಏರಲಿ ಎಂದು ಕೆಂಪು ಗುಳಿಗೆ ಕೊಟ್ಟೆ. ಅವಳ ಅತ್ತೆ ಹೀರಾಬಾಯಿ ಅವನ್ನು ಭಕ್ತಿಯಿಂದ ದೇವರ ಗೂಡಿನಲ್ಲಿ, ಕುಂಕುಮದ ಡಬ್ಬಿಯ ಪಕ್ಕ ಇಟ್ಟರು.

ಹೆರಿಗೆಗೆ ಯಾವ ಆಸ್ಪತ್ರೆ, ಗಾಡಿ ಯಾರದು, ರಕ್ತ ಬೇಕಾದರೆ ಕೊಡುವವರು ಯಾರು, ಈಗಲೇ ಗೊತ್ತು ಮಾಡಿ ಇಡೋಣ ಎಂದೆ. ಧೊಂಡಿಬಾ ಕಾಕಾ ಮುಖ ಗಂಟು ಹಾಕಿದರು.

“ರಕ್ತದ ಮಾತ ಯಾಕ ತೆಗೀತೀರಿ ಬಾಯಿ? ಒಳ್ಳೇದ ಅಂದ್ರ ಒಳ್ಳೇದೇ ಆಗ್ತದ. ನಮ್ಮ ಮನ್ಯಾಗ ಕೆಟ್ಟ ಮಾತ ಆಡಂಗಿಲ್ಲರಿ.”

ಮೂರು ಸಲ ಹೋದೆ. ಮೂರು ಸಲವೂ ಚಹಾ ಸಿಕ್ಕಿತು, ಉತ್ತರ ಸಿಗಲಿಲ್ಲ. ಹಾಗಂತ ಅವರು ಕೆಟ್ಟವರಲ್ಲ. ಗಂಡನ ನೆನಪಾಗಿ ಸೊಸೆ ಮಂಕಾದರೆ ನಗಿಸುತ್ತಿದ್ದವರು ಮಾವನೇ. ಆ ನಗೆಯಲ್ಲಿ ಅವಳು ಒಂದು ರೊಟ್ಟಿ ಜಾಸ್ತಿ ತಿನ್ನುತ್ತಿದ್ದಳು. ಆದರೆ ಬರೀ ನಗೆಯಿಂದ ರಕ್ತ ಏರುವುದಿಲ್ಲ, ಇದನ್ನು ಎಷ್ಟು ಸಲ ಹೇಳಬೇಕು?

ಮುಂದಿನ ತಿಂಗಳು ಫೋನ್ ಮಾಡಿ ಗುಳಿಗೆ ಇವೆಯಾ ಎಂದು ಕೇಳಿದೆ. “ಹೆಚ್ಚಾಗ್ಯಾವ ಬಾಯಿ,” ಎಂದರು ಹೀರಾಬಾಯಿ. ನನಗೆ ರೇಗಿಹೋಯಿತು. ಜಾಸ್ತಿ ಉಳಿದಿವೆ ಎಂದರೆ ಹುಡುಗಿ ನುಂಗುತ್ತಿಲ್ಲ ಎಂದೇ ತಿಳಿದೆ. ಮೊದಲು ಇರುವುದನ್ನು ದಿನಾ ನುಂಗಿಸಿ, ಆಮೇಲೆ ಹೊಸದು ಕೇಳಿ ಎಂದು ಗದರಿದೆ. ಅವರು ಏನೋ ಹೇಳಲು ಬಂದರು. ನಾನು ಕೇಳದೆ ಫೋನ್ ಇಟ್ಟುಬಿಟ್ಟೆ.

ಮೂರು ವಾರದ ಮೇಲೆ ನೀರಿನ ಟ್ಯಾಂಕರಿನ ಪಾಳಿಯಲ್ಲಿ ಚಂದ್ರಭಾಗಾ ತಲೆ ತಿರುಗಿ ಬಿದ್ದಳು. ಬಸ್ಸಿಗೆ ಇನ್ನೂ ಹೊತ್ತಿತ್ತು. ಗಾಡಿ ಯಾರದು ಎಂದು ಮೊದಲೇ ಗೊತ್ತು ಮಾಡಿರಲಿಲ್ಲವಲ್ಲ, ಉಸ್ಮಾನ ಮಿಯಾನನ್ನು ಹುಡುಕಿ ಅವನ ಟಂಟಂ ಆಟೋ ತರಿಸುವಷ್ಟರಲ್ಲಿ ಒಂದು ತಾಸು ಹೋಯಿತು. ಔರಾದದ ಆಸ್ಪತ್ರೆಯಲ್ಲಿ ನೋಡಿದರೆ ರಕ್ತ ಏಳಕ್ಕೆ ಇಳಿದಿತ್ತು. ಹೊಟ್ಟೆಯಲ್ಲಿ ಕೂಸು ಕ್ಷೇಮವಾಗಿತ್ತು. ಆದರೆ ಹೀಗೆಯೇ ಹೆರಿಗೆಯಾದರೆ ತಾಯಿಯ ಜೀವಕ್ಕೆ ಅಪಾಯ ಎಂದರು ಡಾಕ್ಟರು.

ಅಷ್ಟೊಂದು ಗುಳಿಗೆ ಇಟ್ಟುಕೊಂಡು ಏನು ಮಾಡಿದಿರಿ ಎಂದು ನಾನು ಹೀರಾಬಾಯಿಯವರನ್ನು ತರಾಟೆಗೆ ತೆಗೆದುಕೊಂಡೆ. ಅವರು ಅಳತೊಡಗಿದರು.

“ಹೆಚ್ಚಾಗ್ಯಾವ ಅಂತ ಹೇಳಿದ್ದೆನಲ್ಲ ಬಾಯಿ. ದೇವರ ಗೂಡಿನ್ಯಾಗ ಇಟ್ಟಿದ್ದು, ಮುಗದಾವ ಅಂತ ಹ್ಯಾಂಗ ಅನ್ಲಿ?”

ಸಿಟ್ಟನ್ನು ಯಾರ ಮೇಲೆ ತೀರಿಸಿಕೊಳ್ಳಲಿ? ಕುಂಕುಮಕ್ಕೆ ಆ ಮಾತು ಆಡುವುದು ನನಗೆ ಗೊತ್ತಿತ್ತು, ಗುಳಿಗೆಗೂ ಅದೇ ಅನ್ನುತ್ತಾರೆಂದು ಹೊಳೆಯಲಿಲ್ಲ. ಮನೆಗೆ ಹೋಗಿ ಗುಳಿಗೆಯ ಡಬ್ಬಿ ತೆಗೆದು ನೋಡಬೇಕಾದವಳು ಫೋನಿನಲ್ಲೇ ಕೆಲಸ ಮುಗಿಸಿದ್ದೆ. ಅವರಿಗೆ ಒಳ್ಳೆಯ ಮಾತಿನ ಚಿಂತೆ, ನನಗೆ ಅವಸರ. ನಡುವೆ ಆ ಹುಡುಗಿ ಮೂರು ವಾರ ಒಂದು ಗುಳಿಗೆಯೂ ಇಲ್ಲದೆ ನೀರು ಹೊತ್ತಿದ್ದಳು.

ಇಷ್ಟಾದರೂ ಕಾಕಾ, ಏನೂ ಆಗುವುದಿಲ್ಲ ಬಿಡಿ ಎಂದರು. ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. ಹೆಚ್ಚಾಗಲಿಲ್ಲ, ಮುಗಿಯಿತು. ಹೋದ ವಾರ ಕುರಿ ಮೇಯಿಸಲು ದೂರ ಹೋಗುವ ಮೊದಲು ಏನು ಮಾಡಿದಿರಿ ಎಂದು ಕೇಳಿದೆ. ಒಬ್ಬನೇ ಮುಂದೆ ನಡೆದು ಹೋಗಿ, ಕೆರೆಯಲ್ಲಿ ನೀರಿದೆಯೋ ಇಲ್ಲವೋ ನೋಡಿ ಬಂದೆ ಎಂದರು.

“ಯಾಕರಿ ಕಾಕಾ? ನೀರ ಇರ್ತದ ಅಂತ ಒಳ್ಳೇ ಮಾತ ಆಡಿ ಹಿಂಡ ಹೊಡಕೊಂಡ ಹೋಗ್ಬೇಕಿತ್ತಲ್ಲ. ಕುರಿಗಿ ಮುಂದ ಹೋಗಿ ನೋಡ್ತೀರಿ, ಸೊಸಿಗಿ ಯಾಕ ನೋಡಂಗಿಲ್ಲ?”

ಕಾಕಾ ಚಂದ್ರಭಾಗಾ ಮಲಗಿದ್ದ ಮಂಚದ ಕಡೆಗೆ ನೋಡಿದರು. ಆಮೇಲೆ, ಉಸ್ಮಾನ ಮಿಯಾನ ನಂಬರನ್ನು ತಮಗೂ ಬರೆದು ಕೊಡಿ ಎಂದರು.

ಆಸ್ಪತ್ರೆಯಲ್ಲಿ ಚಂದ್ರಭಾಗಾಳಿಗೆ ಸಲಾಯಿನ್ ಮೂಲಕ ಔಷಧ ಏರಿಸಿದರು. ರಕ್ತ ಕೊಡಲು ಪಕ್ಕದ ಮನೆಯ ಕಾಶೀರಾಮನನ್ನು ಕಾಕಾ ತಾವೇ ಒಪ್ಪಿಸಿದರು. ಹೆರಿಗೆಗೆ ವಾರ ಮೊದಲೇ ಹಣಮಂತಪ್ಪನನ್ನು ಕರೆಸಿದರು. ಬೀದರದ ದೊಡ್ಡ ಆಸ್ಪತ್ರೆಯಲ್ಲಿ ಹೆಣ್ಣು ಕೂಸು ಹುಟ್ಟಿತು. ಹೆರಿಗೆಯಲ್ಲಿ ರಕ್ತ ಬಹಳ ಹೋಯಿತು, ಬೇರೆಯವರ ರಕ್ತ ಕೊಡಲೇಬೇಕಾಯಿತು. ಕಾಶೀರಾಮ ಅಲ್ಲೇ ಇದ್ದ. ಏನೂ ಆಗುವುದಿಲ್ಲ ಎಂದು ಕಾಕಾ ಹೊರಗೆ ಹೇಳುತ್ತಲೇ ಇದ್ದರು. ಈ ಸಲ ನನಗೆ ಸಿಟ್ಟು ಬರಲಿಲ್ಲ, ಧೈರ್ಯ ಬಂತು. ಮಾಡಬೇಕಾದ್ದನ್ನೆಲ್ಲ ಮಾಡಿ ಆಡಿದ ಮಾತು ಅದು.

ಬಾಣಂತಿಯೂ ಆರು ತಿಂಗಳು ಗುಳಿಗೆ ನುಂಗಬೇಕು. ಮೊಮ್ಮಗಳಿಗೆ ಎರಡು ತಿಂಗಳಾದಾಗ ಕಾಕಾ ಫೋನ್ ಮಾಡಿದರು. ಮಳೆ ಬೆಳೆ ಎಲ್ಲ ಮಾತಾಡಿದರು, ಎರಡು ಸಲ ಕೆಮ್ಮಿದರು.

“ಬಾಯಿ, ಗುಳಿಗಿ ಮುಗದಾವರಿ.”

ಹಾಗೆ ಅಂದದ್ದಕ್ಕೆ ಮನೆಗೆ ಏನೂ ಕೆಟ್ಟದ್ದಾಗಲಿಲ್ಲ. ನಾನು ಗುಳಿಗೆ ತೆಗೆದುಕೊಂಡು ಹೋದೆ, ಅಷ್ಟೇ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲಿ ಕುಂಕುಮಕ್ಕೆ ‘ಹೆಚ್ಚಾಗಿದೆ’ ಎಂದೇ ಹೇಳಿ. ಧೈರ್ಯದ ಮಾತು ದಿನಾ ಆಡಿ, ಕಷ್ಟದಲ್ಲಿರುವವರಿಗೆ ಅದು ಬೇಕೇ ಬೇಕು. ಆದರೆ ಗುಳಿಗೆ, ನೀರು, ಜೋಳ ಮುಗಿಯುತ್ತ ಬಂದಾಗ ಹಾಗೆಂದು ಬಾಯಿಬಿಟ್ಟು ಹೇಳಿ. ಮನೆಯಲ್ಲಿ ಬಸುರಿ ಇದ್ದರೆ ಈ ಕಥೆ ಇಲ್ಲಿಗೆ ಬಿಟ್ಟು ಏಳಿ, ಗುಳಿಗೆಯ ಡಬ್ಬಿ ತೆಗೆದು ನೋಡಿ.