ಎದುರುಮನೆಯಲ್ಲೂ ಹೋಗಿದೆಯಾ

“ಮುಂದಿನ ವಾರದಿಂದ ನಿಮಗೆ ತೊಂದರೆ ಕೊಡಲ್ಲ ಅಕ್ಕಾ,” ಎಂದು ಪರದೆಯೊಳಗಿನ ಹುಡುಗಿ ಹೇಳಿದಾಗ ಆಕೆ ಕೈಯಲ್ಲಿದ್ದ ಪೆನ್ನನ್ನು ಮೇಜಿನ ಮೇಲಿಟ್ಟಳು.

“ತೊಂದರೆ ಅಂತ ಯಾರಂದರು?”

“ಯಾರೂ ಅನ್ನಲಿಲ್ಲ. ನನಗೇ ಗೊತ್ತಾಗಲ್ವಾ?” ಹುಡುಗಿ ನಕ್ಕಳು.

ನಗು ಸಲೀಸಾಗಿತ್ತು. ಎಷ್ಟೋ ವಾರಗಳಿಂದ ಹೆಚ್ಚಾಗಿ ಅಳು, ಮೌನ, ಉಗುರು ಕಚ್ಚುವುದು ಇಷ್ಟೇ ಕಾಣುತ್ತಿದ್ದ ಮುಖ ಅದು. ಇಂದು ಅದರಲ್ಲಿ ಹೊರೆಯಿಳಿಸಿದವರ ನಿರಾಳವಿತ್ತು. ಬೇರೆ ಯಾರಾಗಿದ್ದರೂ ನೋಡಿ ಸಂತೋಷಪಡುತ್ತಿದ್ದರು. ಆಪ್ತಸಲಹೆಯ ಕೆಲಸದಲ್ಲೇ ತಲೆಗೂದಲು ನೆರೆಸಿಕೊಂಡಿದ್ದ ಆಕೆ ಮಾತ್ರ ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡಳು. ಕಾರಣ ಹೇಳದೆ ಬಂದ ನಿರಾಳಕ್ಕೆ ಅಳುವಿಗಿಂತ ಹೆಚ್ಚು ಅಂಜಬೇಕೆಂಬುದು ಈ ವೃತ್ತಿಯವರು ಮೊದಲು ಕಲಿಯುವ ಪಾಠ.

ಆಗಲೇ ಆಕೆಗೆ ಇನ್ನೊಂದು ಕಂಡದ್ದು. ಹುಡುಗಿಯ ಹಿಂದೆ, ದಪ್ಪ ಬಟ್ಟೆ ಇಳಿಬಿಟ್ಟ ಕಿಟಕಿಯ ಮುಂದೆ, ಮೇಜಿನ ಮೇಲೆ ದೀಪವಿತ್ತು. ದೀಪದ ಪಕ್ಕದಲ್ಲಿ ಯಾವಾಗಲೂ ಇರುತ್ತಿದ್ದ ಗಿಡ ಇರಲಿಲ್ಲ. ಹಿಡಿ ಮುರಿದ ನೀಲಿ ಲೋಟದಲ್ಲಿ ನೆಟ್ಟ, ಎಲೆಗಿಂತ ಕಾಂಡವೇ ಜಾಸ್ತಿಯಾಗಿದ್ದ ಬಡಕಲು ಗಿಡ. ತನ್ನ ಬಳಿ ಬರುವವರ ಹೆಸರನ್ನು ಮನೆಯಲ್ಲಿ ಎತ್ತಬಾರದೆಂಬ ಕಟ್ಟುನಿಟ್ಟಿದ್ದುದರಿಂದ ಆಕೆ ಒಬ್ಬೊಬ್ಬರಿಗೂ ಒಂದೊಂದು ಅಡ್ಡಹೆಸರು ಇಟ್ಟಿದ್ದಳು. ಇವಳು ಗಿಡದ ಹುಡುಗಿ.

“ಗಿಡ ಕಾಣ್ತಿಲ್ಲವಲ್ಲ?”

“ಕೆಳಗಡೆ ಮನೆಯವರಿಗೆ ಕೊಟ್ಟುಬಿಟ್ಟೆ. ನನಗಿಂತ ಅವರೇ ಚೆನ್ನಾಗಿ ನೋಡ್ಕೋತಾರೆ.”

“ಯಾಕೆ ಕೊಟ್ಟೆ? ನೀನೆಲ್ಲಿಗೆ ಹೊರಟೆ?”

ಹುಡುಗಿ ಉತ್ತರಿಸಲು ಬಾಯಿ ತೆರೆದಳು. ಅಷ್ಟರಲ್ಲಿ ಅವಳ ಹಿಂದಿನ ದೀಪ ಆರಿತು. ಪರದೆ ಕಪ್ಪಾಯಿತು, ಒಂದು ಅಂಚಿನಲ್ಲಿ ಮಾತ್ರ ಬಿಳಿಯ ಗೆರೆಯೊಂದು ನೆಟ್ಟಗೆ ನಿಂತಿತು. ಕತ್ತಲೊಳಗಿಂದ ಉಸಿರೆಳೆದುಕೊಂಡ ಸದ್ದು ಕೇಳಿಸಿತು. “ಅಯ್ಯೋ,” ಎಂದಳು ಹುಡುಗಿ, ಸಿಕ್ಕಿಬಿದ್ದವರ ದನಿಯಲ್ಲಿ. ಕರೆ ಕಡಿದುಹೋಯಿತು.

ಆಕೆಯ ತಲೆಯ ಮೇಲಿನ ಫ್ಯಾನು ಸುತ್ತು ಕಳೆದುಕೊಳ್ಳುತ್ತ ನಿಂತಿತು. ಆಕೆ ಅದನ್ನು ಕೇಳಿಸಿಕೊಳ್ಳಲಿಲ್ಲ. ಕೋಣೆಯಲ್ಲಿ ಕವಿದ ನಿಶ್ಶಬ್ದವೆಲ್ಲ ಆ ಹುಡುಗಿಯ ಕಡೆಯಿಂದ ಬಂದದ್ದೆಂದೇ ಆಕೆಗೆ ತೋರಿತು.

ಮತ್ತೆ ಕರೆ ಮಾಡಿದಳು. ಹುಡುಗಿಯ ಫೋನು ಸ್ವಿಚ್ಡ್ ಆಫ್ ಆಗಿತ್ತು. ಇನ್ನೊಮ್ಮೆ ಮಾಡಿದಳು. ಅವಸರದಲ್ಲಿ ಮೂರನೆಯ ಬಾರಿ ಬೇರೆ ಯಾರಿಗೋ ಹೋಯಿತು. ಕ್ಷಮೆ ಕೇಳಿ ಇಟ್ಟಳು.

ದೂರದೇಶದಲ್ಲಿರುವವರೊಡನೆ ಪರದೆಯ ಮೇಲೆ ಮಾತಾಡುವ ಸಲಹೆಗಾರರಿಗೆ ಒಂದು ನಿಯಮವಿದೆ. ಕುಶಲ ವಿಚಾರಿಸುವುದಕ್ಕೂ ಮುಂಚೆ ಎರಡು ಪ್ರಶ್ನೆ ಕೇಳಬೇಕು. ಈಗ ಎಲ್ಲಿ ಕೂತಿದ್ದೀರಿ? ಪಕ್ಕದಲ್ಲಿ ಯಾರಾದರೂ ಇದ್ದಾರಾ? ಪ್ರತಿ ಸಲವೂ ಕೇಳಬೇಕು, ಉತ್ತರ ಗೊತ್ತಿದ್ದರೂ ಕೇಳಬೇಕು. ಆಪತ್ತು ಬಂದರೆ ಸಹಾಯ ಕಳಿಸುವುದಕ್ಕೆ ಒಂದು ಬಾಗಿಲು ಬೇಕಲ್ಲ, ಅದಕ್ಕೆ. ಆಕೆ ಮೊದಮೊದಲು ತಪ್ಪದೆ ಕೇಳಿದ್ದಳು. ಒಂದು ದಿನ ಹುಡುಗಿ, “ಏನಕ್ಕಾ, ಒಳ್ಳೇ ಪೊಲೀಸಿನೋರ ಥರ ವಿಚಾರಣೆ ಮಾಡ್ತೀರಿ!” ಎಂದು ನಕ್ಕಿದ್ದಳು. ಆ ಹುಡುಗಿ ನಕ್ಕದ್ದು ಅದೇ ಮೊದಲು. ನಗು ಕೆಡಬಾರದೆಂದು ಮರುವಾರ ಆಕೆ ಕೇಳಲಿಲ್ಲ. ಆಮೇಲೆ ಕೇಳುವುದೇ ಬಿಟ್ಟುಹೋಯಿತು. ತನ್ನ ಕೈಕೆಳಗೆ ಕಲಿಯಲು ಬಂದವರು ಇದೇ ತಪ್ಪು ಮಾಡಿದಾಗ ಆಕೆ ಮುಖ ಮೋರೆ ನೋಡದೆ ಬೈದದ್ದುಂಟು.

ತನ್ನ ಬಳಿ ಇದ್ದ ಹಳೆಯ ವಿಳಾಸದ ಆಧಾರದ ಮೇಲೆ ಹುಡುಗಿ ಓದುತ್ತಿದ್ದ ವಿಶ್ವವಿದ್ಯಾಲಯದ ಭದ್ರತಾ ವಿಭಾಗಕ್ಕೆ ಫೋನು ಮಾಡಿದಳು. ಅಲ್ಲಿ ಆಗ ರಾತ್ರಿ. ನಿದ್ದೆಗಣ್ಣಿನಲ್ಲಿದ್ದ ಅಧಿಕಾರಿ ಸಾವಧಾನವಾಗಿಯೇ ಕೇಳಿಸಿಕೊಂಡ, ಕಾಯಲು ಹೇಳಿದ, ಹುಡುಕಿದ. ಆ ಹೆಸರಿನ ವಿದ್ಯಾರ್ಥಿನಿ ಈಗ ಇಲ್ಲವೆಂದ. ಹಿಂದಿನ ಅವಧಿಯ ಪರೀಕ್ಷೆ ಮುಗಿದ ಮೇಲೆ ಹೆಸರು ತೆಗೆಸಿಕೊಂಡು ಹೋಗಿದ್ದಾಳೆ, ಅವಳ ಹಾಸ್ಟೆಲ್ ಕೋಣೆಯಲ್ಲಿ ಬೇರೆಯವರಿದ್ದಾರೆ, ಎಲ್ಲಿಗೆ ಹೋದಳೆಂದು ನಮಗೆ ತಿಳಿಯದು ಎಂದ.

ಆಕೆ ಕುರ್ಚಿಯ ಕೈ ಹಿಡಿದುಕೊಂಡಳು. ಹಿಂದಿನ ಅವಧಿ ಎಂದರೆ, ಆಮೇಲಿನ ಅಷ್ಟೂ ವಾರಗಳಲ್ಲಿ ಹುಡುಗಿ ಹೇಳಿದ ಪ್ರಯೋಗಾಲಯ, ಗೈಡ್ ಪ್ರೊಫೆಸರರ ಕಿರಿಕಿರಿ, ಮೆಸ್ಸಿನ ಗಲಾಟೆ ಯಾವುದೂ ಇರಲಿಲ್ಲ. ಇದ್ದದ್ದು ಆ ದೀಪ, ಆ ಕಿಟಕಿಬಟ್ಟೆ, ಆ ಗಿಡ. ಅವು ಭೂಮಿಯ ಮೇಲೆ ಎಲ್ಲಿ ಬೇಕಾದರೂ ಇರಬಹುದು.

ಇನ್ನುಳಿದದ್ದು ಹುಡುಗಿಯ ಅಪ್ಪನ ನಂಬರು. ಜೀವಕ್ಕೆ ಅಪಾಯವಿದ್ದರೆ ಬಂದವರ ಗುಟ್ಟು ಬಿಟ್ಟುಕೊಡಬಹುದು. ಒತ್ತಿದಳು.

“ಯಾರಮ್ಮಾ? ಜೋರಾಗಿ ಹೇಳಿ, ಇಲ್ಲಿ ಮಿಷನ್ ಓಡ್ತಿದೆ.”

“ನಾನು ವಿದ್ಯಾರ್ಥಿಗಳ ಸಲಹಾ ಕಚೇರಿಯಿಂದ. ನಿಮ್ಮ ಮಗಳ ಹತ್ತಿರ ತುರ್ತಾಗಿ ಮಾತಾಡಬೇಕಿತ್ತು. ಈಗ ಎಲ್ಲಿದ್ದಾರೆ ಅಂತ...”

“ಎಲ್ಲಿರ್ತಾಳೆ? ಓದೋ ದೇಶದಲ್ಲಿದ್ದಾಳೆ! ಅಲ್ಲಿ ಈಗ ರಾತ್ರಿ ಅಲ್ವೇನಮ್ಮಾ, ಮಲಗಿರ್ತಾಳೆ. ಆಗಲೇ ಮೆಸೇಜ್ ಹಾಕಿದ್ಲು, ಊಟ ಆಯ್ತಪ್ಪಾ, ನಿದ್ದೆ ಬರ್ತಿದೆ ಅಂತ.” ಆತನ ದನಿಯಲ್ಲಿ ಹೆಮ್ಮೆ ಇತ್ತು. “ಮೊದಲೆಲ್ಲ ನನಗೆ ಲೆಕ್ಕ ತಪ್ಪೋದು. ಈಗ ಎರಡು ಗಡಿಯಾರ ಹಾಕಿದ್ದೀನಿ ಗೋಡೆಗೆ, ಒಂದು ನಮ್ಮದು, ಒಂದು ಅವಳದು. ಯಾಕಮ್ಮಾ, ಏನಾದ್ರೂ ತೊಂದ್ರೇನಾ?”

ದೂರದ ಊರಿನಲ್ಲಿ, ಮಿಷನ್ನಿನ ಪಕ್ಕದಲ್ಲಿ, ಏನೂ ಮಾಡಲಾಗದ ಒಬ್ಬ ಮನುಷ್ಯನ ಎದೆಯೊಡೆದು ಏನು ಬರಬೇಕು? “ನಾನೇ ಮತ್ತೆ ಫೋನ್ ಮಾಡ್ತೀನಿ. ನೀವು ಫೋನು ಹತ್ತಿರದಲ್ಲೇ ಇಟ್ಟುಕೊಂಡಿರಿ,” ಎಂದಷ್ಟೇ ಹೇಳಿದಳು. ಹೇಳಿದ ಮೇಲೆ, ಅದನ್ನಾದರೂ ಸರಿಯಾಗಿ ಮಾಡಿದೆನೋ ಇಲ್ಲವೋ ಎಂಬ ಭಯ ಹತ್ತಿತು.

ಪಡಸಾಲೆಯಿಂದ ಅತ್ತೆ ಕೂಗಿದರು. “ಏನೇ, ನಮ್ಮೊಬ್ಬರದ್ದೇ ಹೋಗಿದ್ಯೋ, ಎದುರುಮನೆಯಲ್ಲೂ ಹೋಗಿದೆಯಾ, ಸ್ವಲ್ಪ ನೋಡು. ಧಾರಾವಾಹಿಯಲ್ಲಿ ಈಗಿನ್ನೂ ಆ ಮನೆಹಾಳನಿಗೆ ಕಪಾಳಕ್ಕೆ ಬಾರಿಸೋಳಿದ್ದಳು, ಸರಿಯಾಗಿ ಕೈ ಎತ್ತಿದಾಗಲೇ ಹೋಯ್ತು.”

“ಅತ್ತೆ, ಸುಮ್ನಿರಿ ಸ್ವಲ್ಪ!”

“ನಾನೇನು ಕೇಳಬಾರದ್ದು ಕೇಳಿದೆ? ಕರೆಂಟು ಹೋದರೆ ಎದುರುಮನೆ ನೋಡೋದು ಲೋಕಾರೂಢಿ.”

ಆಕೆ ತಲೆಯೆತ್ತಿದಳು. ಫ್ಯಾನು ನಿಂತಿತ್ತು. ಗೋಡೆಯ ಸ್ವಿಚ್ಚಿನ ಕೆಂಪು ಚುಕ್ಕೆ ಆರಿತ್ತು. ಕೆಲಸಕ್ಕೆಂದು ಕಂಪ್ಯೂಟರಿಗೂ ಇಂಟರ್ನೆಟ್ಟಿಗೂ ಬೇರೆ ಬ್ಯಾಟರಿ ಹಾಕಿಸಿಕೊಂಡಿದ್ದರಿಂದ ಪರದೆ ಮಾತ್ರ ಬೆಳಗುತ್ತಿತ್ತು.

“ಅತ್ತೆ, ಕರೆಂಟು ಯಾವಾಗ ಹೋಯಿತು?”

“ಹೇಳಿದೆನಲ್ಲ, ಅವಳು ಕೈ ಎತ್ತಿದಾಗ.”

ಆಕೆ ಆ ಗಳಿಗೆಯನ್ನು ಮನಸ್ಸಿನಲ್ಲಿ ಹಿಂದಕ್ಕೆ ಎಳೆದು ತಂದು ಬಿಡಿಸಿ ನೋಡಿದಳು. ಹುಡುಗಿ ಬಾಯಿ ತೆರೆದಳು, ದೀಪ ಆರಿತು, ಇಲ್ಲಿ ಫ್ಯಾನು ಇಳಿಯತೊಡಗಿತು. ಹುಡುಗಿಯ ಎರಡೂ ಕೈಗಳು ಕೆನ್ನೆಯ ಮೇಲಿದ್ದವು, ದೀಪ ಆರಿಸಿದವಳು ಅವಳಲ್ಲ. ಕತ್ತಲಾದ ಮೇಲೂ ಪರದೆಯ ಅಂಚಿನಲ್ಲಿ ಬಿಳಿಯ ಗೆರೆಯಿತ್ತು. ಅದು ಬೀದಿದೀಪದ ಬೆಳಕಲ್ಲ. ದಪ್ಪ ಬಟ್ಟೆಯ ಸಂದಿನಲ್ಲಿ ತೂರಿದ ಹಗಲು. ಅಲ್ಲಿ ರಾತ್ರಿ ಇರಲೇ ಇಲ್ಲ. ಕಿಟಕಿ ಮುಚ್ಚಿ, ದೀಪ ಹಚ್ಚಿ, ಹುಡುಗಿ ವಾರವಾರವೂ ಒಂದು ರಾತ್ರಿಯನ್ನು ಕಟ್ಟಿ ನಿಲ್ಲಿಸುತ್ತಿದ್ದಳು.

“ಅಯ್ಯೋ” ಎಂದದ್ದು ಅದಕ್ಕೆ.

ಆಕೆ ಹೊರಗೆ ಓಡಿಬಂದು ಎದುರುಮನೆ ನೋಡಿದಳು. ಅಲ್ಲೂ ಹೋಗಿತ್ತು. ಬೀದಿಯ ಉದ್ದಕ್ಕೂ ಜನ ಬಾಗಿಲಿಗೆ ಬಂದು ಪರಸ್ಪರ ಇದನ್ನೇ ವಿಚಾರಿಸುತ್ತಿದ್ದರು. ಇಷ್ಟು ಮನೆಗಳ ಜೊತೆಗೆ ಇನ್ನೂ ಒಂದು ಮನೆಯ ದೀಪ ಆರಿದೆ. ಯಾವುದು?

“ಅತ್ತೆ, ನೀವು ಇಡೀ ದಿನ ಇಲ್ಲೇ ಕೂತಿರ್ತೀರಲ್ಲ. ನಮ್ಮ ಬೀದಿಗೆ ಹೊಸದಾಗಿ ಹುಡುಗಿ ಯಾರಾದರೂ ಬಂದಿದ್ದಾಳಾ? ಸಣ್ಣಗೆ, ಕೂದಲು ಗಿಡ್ಡ ಕತ್ತರಿಸಿಕೊಂಡು?”

“ಇಡೀ ದಿನ ಕೂತಿರ್ತೀನಂತೆ! ಬಟ್ಟೆ ಒಣಹಾಕೋರು ಯಾರು, ನಿಮ್ಮಪ್ಪನಾ?” ಎಂದ ಅತ್ತೆ, ಸೊಸೆಯ ಮುಖ ನೋಡಿ ದನಿ ಇಳಿಸಿದರು. “ಒಬ್ಬಳು ಬರ್ತಾಳಪ್ಪ. ಗೇಟಿನ ಹತ್ತಿರ ನಿಲ್ತಾಳೆ, ನಿನ್ನ ಬೋರ್ಡು ಓದ್ತಾಳೆ. ಯಾರು ಬೇಕಮ್ಮಾ ಅಂದ್ರೆ ಯಾರೂ ಬೇಡ ಅಂತ ಹೊರಟುಹೋಗ್ತಾಳೆ. ಏನೋ ಮಾರೋಕೆ ಬಂದು ನಾಚಿಕೊಳ್ತಾಳೇನೋ ಅಂದ್ಕೊಂಡಿದ್ದೆ.”

“ಯಾವ ಕಡೆ ಹೋಗ್ತಾಳೆ?”

“ನೀರಿನ ಟ್ಯಾಂಕಿನ ಕಡೆ. ಯಾಕೇ? ಯಾರವಳು? ನಿಲ್ಲೇ, ಎರಡು ಚಪ್ಪಲಿ ಬೇರೆಬೇರೆ ಹಾಕ್ಕೊಂಡಿದ್ದೀಯ!”

ಆಕೆ ನಿಲ್ಲಲಿಲ್ಲ. ಮೋಡ ಮುಚ್ಚಿದ ಮಧ್ಯಾಹ್ನ. ಬೀದಿಯ ಬೆಳಕೆಲ್ಲ ಬೂದಿ ಬಣ್ಣಕ್ಕೆ ತಿರುಗಿತ್ತು. ವಯಸ್ಸಾದ ಹೆಂಗಸು ಬೀದಿಯಲ್ಲಿ ಓಡುವುದನ್ನು ಕಂಡು ಬಾಗಿಲುಗಳಲ್ಲಿ ನಿಂತವರ ಮಾತು ನಿಂತಿತು. ಪರದೇಶದಲ್ಲಿ ಇದ್ದಾಳೆಂದು ತಿಳಿದಾಗಿನ ಭಯ ಒಂದು ತೆರ. ಕೂಗಳತೆಯಲ್ಲಿದ್ದಾಳೆಂದು ತಿಳಿದ ಮೇಲಿನ ಭಯ ಇನ್ನೂ ಕೆಟ್ಟದ್ದು: ಈಗ ತಡವಾದರೆ ಅದಕ್ಕೆ ಸಮುದ್ರವನ್ನು ದೂರುವಂತಿಲ್ಲ, ಕಾಲನ್ನೇ ದೂರಬೇಕು. ಪ್ರತಿ ಮನೆಯ ಕಿಟಕಿ, ಮೆಟ್ಟಿಲು, ಕಟ್ಟೆಯ ಮೇಲೂ ಆಕೆಯ ಕಣ್ಣು ನೀಲಿ ಬಣ್ಣವೊಂದನ್ನೇ ಹುಡುಕುತ್ತಿತ್ತು. ನೀಲಿ ಬಕೆಟ್ಟು ಕಂಡಿತು. ನೀಲಿ ಸೈಕಲ್ಲು ಕಂಡಿತು. ಟ್ಯಾಂಕಿನ ನೆರಳಿಗೆ ತಾಗಿದ್ದ ಎರಡಂತಸ್ತಿನ ಮನೆಯ ಮುಂಗಟ್ಟೆಯ ಮೇಲೆ, ಆಗ ತಾನೇ ನೀರು ಕುಡಿದು, ಹಿಡಿ ಮುರಿದ ಲೋಟದಲ್ಲಿ ಆ ಬಡಕಲು ಗಿಡ ಕೂತಿತ್ತು.

ಬಾಗಿಲಲ್ಲಿ ಬೀಸಣಿಗೆ ಹಿಡಿದು ನಿಂತಿದ್ದ ಮನೆಯೊಡತಿ, “ಯಾರು ಬೇಕು?” ಎಂದಳು.

“ಈ ಗಿಡ ಕೊಟ್ಟ ಹುಡುಗಿ.”

“ಮೇಲ್ಗಡೆ ಇದ್ದಾಳೆ. ಬೇಡ ಅಂದ್ರೂ ಕೊಟ್ಟು ಹೋದಳು. ಒಳ್ಳೇ ಹುಡುಗಿ, ಮಾತೇ ಇಲ್ಲ. ನೀವು ಅವಳಿಗೆ ಏನಾಗಬೇಕು?”

“ಅಕ್ಕ,” ಎಂದಳು. “ಕೋಣೆಗೆ ಬೇರೆ ಬೀಗದಕೈ ಇದೆಯಾ?”

“ಇದೆ. ಒಳಗಡೆ ಚಿಲಕ ಹಾಕ್ಕೊಂಡಿದ್ರೆ ಬೀಗದಕೈ ಇಟ್ಕೊಂಡು ಏನ್ಮಾಡ್ತೀರಿ?”

“ಹಾಗಾದ್ರೆ ಬಾಗಿಲು ಒಡೆಯೋರು ಯಾರಾದರೂ ಇದ್ದರೆ ಬೇಗ ಕರೆಯಿರಿ. ಆಂಬುಲೆನ್ಸಿಗೂ ಫೋನ್ ಮಾಡಿ. ಈಗಲೇ.”

ಮನೆಯೊಡತಿಯ ಬೀಸಣಿಗೆ ನಿಂತಿತು. ಅವಳು ಬೀದಿಗಿಳಿದಳು.

ಮೆಟ್ಟಿಲು ಕತ್ತಲಾಗಿತ್ತು. ಆಕೆ ಗೋಡೆ ಹಿಡಿದು ಏರಿದಳು. ಪರದೆಯ ಮೇಲೆ ಅಷ್ಟು ದಿನ ಕಂಡಿದ್ದ ಕೋಣೆಗೆ ಹೊರಗಿನಿಂದ ಒಂದು ಬಾಗಿಲಿರಬಹುದೆಂದು ಆಕೆ ಎಂದೂ ಯೋಚಿಸಿರಲಿಲ್ಲ. ಕಂದು ಬಣ್ಣ ಎದ್ದುಹೋದ ಸಾಧಾರಣ ಬಾಗಿಲು. ಬಡಿದಳು. ಸದ್ದಿಲ್ಲ. ಹುಡುಗಿಯ ಹೆಸರು ಹಿಡಿದು ಕೂಗಿದಳು. ಸದ್ದಿಲ್ಲ. ಕಿವಿಯನ್ನು ಹಲಗೆಗೆ ಒತ್ತಿದಳು. ತನ್ನದೇ ಎದೆಬಡಿತ ಎಷ್ಟು ಜೋರಾಗಿತ್ತೆಂದರೆ ಒಳಗಿನದೇನೂ ಕೇಳುವಂತಿರಲಿಲ್ಲ. ಇಷ್ಟು ವರ್ಷ ಕಲಿತು, ಕಲಿಸಿದ ಸಾಂತ್ವನದ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಹೊಸ್ತಿಲ ಮೇಲೆ ಕೂತಳು. ಆಮೇಲೆ, ಬಾಗಿಲಿಗೆ ಹಣೆಯೂರಿ, ಬಿಟ್ಟುಹೋಗಿದ್ದ ಪ್ರಶ್ನೆಯನ್ನು ಕೇಳಿದಳು.

“ಈಗ ಎಲ್ಲಿ ಕೂತಿದ್ದೀಯ?”

ಕೆಳಗೆ ಬೀದಿಯಲ್ಲಿ ಯಾರೋ ಯಾರನ್ನೋ ಕರೆಯುತ್ತಿದ್ದರು. ನೀರಿನ ಟ್ಯಾಂಕಿನಿಂದ ಹನಿ ತೊಟ್ಟಿಕ್ಕುತ್ತಿತ್ತು.

“ನೆಲದ ಮೇಲೆ.” ದನಿ ಬಾಗಿಲಿನ ಕೆಳಭಾಗದಿಂದ ಬಂತು, ತೀರ ಹತ್ತಿರದಿಂದ. “ಬಾಗಿಲಿಗೆ ಒರಗಿಕೊಂಡು.”

ಆಕೆ ಬಾಯಿಗೆ ಸೆರಗು ಒತ್ತಿಕೊಂಡಳು. ದನಿ ತಹಬಂದಿಗೆ ಬರುವವರೆಗೆ ಕಾದಳು. “ಏನಾದರೂ ತಗೊಂಡಿದ್ದೀಯಾ? ಏನಾದರೂ ಮಾಡ್ಕೊಂಡಿದ್ದೀಯಾ? ನಿಜ ಹೇಳು.”

“ಇಲ್ಲ. ಇನ್ನೂ ಇಲ್ಲ. ಬಾಗಿಲು ತೆಗೆಯಲ್ಲ ಅಕ್ಕಾ. ಸುಳ್ಳು ಹೇಳಿದ್ದೀನಿ.”

“ತೆಗೀಬೇಡ. ಅಲ್ಲೇ ಕೂತಿರು. ನಾನೂ ಇಲ್ಲೇ ಕೂತಿದ್ದೀನಿ.”

“ನಿಮ್ಮ ಗೇಟಿನ ತನಕ ಬರ್ತಿದ್ದೆ. ಆ ಅಜ್ಜಿ ಯಾರು ಬೇಕು ಅಂತ ಕೇಳೋರು. ಏನು ಹೇಳಬೇಕು ಅಂತಲೇ ಗೊತ್ತಾಗ್ತಿರಲಿಲ್ಲ.” ಮೂಗು ಎಳೆದುಕೊಂಡ ಸದ್ದು. “ನಮ್ಮಪ್ಪನಿಗೆ ಹೇಳಿದ್ರಾ?”

“ಇನ್ನೂ ಹೇಳಿಲ್ಲ.”

“ಎರಡು ಗಡಿಯಾರ ಇಟ್ಕೊಂಡಿದ್ದಾರೆ ಅಕ್ಕಾ.”

“ಗೊತ್ತು.”

ಒಳಗಿನಿಂದ ಅಳು ಬಂತು. ಹಿಂದಿನ ವಾರಗಳದೇ ಅಳು. ಆಕೆ ಅದನ್ನು ತಡೆಯಲಿಲ್ಲ. ಮುಗಿಯುವವರೆಗೆ ಕೂತಿದ್ದಳು. ಆಮೇಲೆ ಉಳಿದಿದ್ದ ಪ್ರಶ್ನೆಯನ್ನೂ ಕೇಳಿದಳು.

“ಪಕ್ಕದಲ್ಲಿ ಯಾರಾದರೂ ಇದ್ದಾರಾ?”

ಮೆಟ್ಟಿಲ ಕೆಳಗೆ ಹಲವರ ಕಾಲಸದ್ದು, ಕಬ್ಬಿಣದ ಉಪಕರಣವೊಂದು ಗೋಡೆಗೆ ತಾಗಿದ ಸದ್ದು ಕೇಳಿಸಿತು. ಮನೆಯೊಡತಿಯ ತಲೆ ತಿರುವಿನಲ್ಲಿ ಕಾಣಿಸಿಕೊಂಡಿತು. ಆಕೆ ತಿರುಗಿ ನೋಡದೆ ಒಂದು ಕೈಯೆತ್ತಿ ಅಂಗೈ ತೋರಿಸಿದಳು. ಕಾಲಸದ್ದು ಅಲ್ಲಲ್ಲೇ ನಿಂತಿತು.

ಆಗ ಕರೆಂಟು ಬಂತು. ಕೆಳಗಿನ ಮನೆಯಲ್ಲಿ ಟೀವಿ ನಡುಮಾತಿನಿಂದ ಮಾತಾಡತೊಡಗಿತು. ಬೀದಿಯಲ್ಲಿ ಮಕ್ಕಳು ಹೋ ಎಂದು ಕೂಗಿದರು. ಬಾಗಿಲ ಕೆಳಗಿನ ಸಂದಿನಿಂದ ದೀಪದ ಗೆರೆಯೊಂದು ಹೊರಬಂದು ಆಕೆಯ ಜೋಡಿಯಲ್ಲದ ಚಪ್ಪಲಿಗಳ ಮೇಲೆ ಬಿದ್ದಿತು. ಗೆರೆಯ ನಡುವೆ, ಕೂತವಳ ಮೈಯ ಅಗಲಕ್ಕೆ, ನೆರಳಿತ್ತು. ಆಕೆ ಅದನ್ನೇ ನೋಡುತ್ತ, ಎತ್ತಿದ ಕೈಯನ್ನು ಇಳಿಸದೆ ಕೂತಿದ್ದಳು. ನೋಡುತ್ತಿದ್ದಂತೆ ನೆರಳು ಅಲುಗಿತು, ಕಿರಿದಾಯಿತು, ಎರಡು ಪಾದಗಳ ನೆರಳಾಗಿ ನಿಂತಿತು.