ಬೀದಿಯ ಮೇಲೆ ಬಿದ್ದ ಕೊಡೆ

ಆ ಊರಿನಲ್ಲಿ ಮರವೆಂಬುದೇ ಇರಲಿಲ್ಲ. ಇದ್ದದ್ದೆಲ್ಲ ಅಣಬೆ, ಅದೂ ಮಹಡಿ ಮನೆಗಿಂತ ಎತ್ತರದ್ದು. ಕಾಂಡ ಕೊಯ್ದರೆ ಬಾಗಿಲಿಗೆ, ಮಂಚಕ್ಕೆ ಹಲಗೆಯಾಗುತ್ತಿತ್ತು. ಅಣಬೆಯ ತಲೆಯ ಮೇಲಿನ ಕೊಡೆಯ ತಗ್ಗಿನಲ್ಲಿ ನಿಂತ ಇಬ್ಬನಿಯೇ ಕುಡಿಯುವ ನೀರು. ಮಿನುಗುವ ಜಾತಿಯ ಪುಟ್ಟ ಅಣಬೆಯನ್ನು ಗಾಜಿನ ಬುಡ್ಡಿಯಲ್ಲಿಟ್ಟರೆ ಮನೆಗೊಂದು ದೀಪ. ಇನ್ನು ಕೊಡೆಯ ಮೇಲಿನ ಸಿಪ್ಪೆ ಸುಲಿದು, ನೆನೆಸಿ, ಹದ ಮಾಡಿದರೆ ಒಳ್ಳೆಯ ತೊಗಲು ಸಿಗುತ್ತಿತ್ತು. ಊರಿನವರ ಚಪ್ಪಲಿ, ಚೀಲ ಎಲ್ಲ ಅದರದ್ದೇ.

ಈ ತೊಗಲಿನ ಕೆಲಸವನ್ನು ಮಾವ, ಸೊಸೆ ಇಬ್ಬರೇ ನಡೆಸುತ್ತಿದ್ದರು. ಗಂಡ ಗುಡ್ಡದಾಚೆ ಕಾಂಡ ಕೊಯ್ಯಲು ಹೋದರೆ ತಿಂಗಳುಗಟ್ಟಲೆ ಮನೆ ಕಡೆ ತಲೆ ಹಾಕುತ್ತಿರಲಿಲ್ಲ. ಮಾವನದು ಒಂದು ಗಳಿಗೆಯೂ ಸುಮ್ಮನಿರುವ ಬಾಯಲ್ಲ. ಅವಳು ತೊಗಲು ಹಿಂಡಿದರೆ ಬಿಗಿ ಹೆಚ್ಚಾಯಿತು, ಹರವಿದರೆ ಸುಕ್ಕಾಯಿತು ಎನ್ನುತ್ತಿದ್ದರು. ಅವಳೂ ಎದುರು ಮಾತಾಡದೆ ಬಿಡುತ್ತಿರಲಿಲ್ಲ. ಹಾಗಿದ್ದರೂ ಮಧ್ಯಾಹ್ನ ಅವರು ತಟ್ಟೆಗೆ ಕೈಯಿಡುವವರೆಗೆ ಅವಳಿಗೆ ತುತ್ತು ಇಳಿಯುತ್ತಿರಲಿಲ್ಲ.

ಬೀದಿಯ ತುದಿಯಲ್ಲಿದ್ದ ಹಳೆಯ ಅಣಬೆ ಊರಿಗೇ ದೊಡ್ಡದು. ಅದು ಕೆಲವು ದಿನಗಳಿಂದ ಮನೆಗಳ ಕಡೆಗೆ ವಾಲತೊಡಗಿತ್ತು. ಒಂದು ಬೆಳಿಗ್ಗೆ ಕಾವಲುಗಾರ ಬಂದು, ಕಾಂಡದೊಳಗೆಲ್ಲ ಹುಳು ತಿಂದು ಟೊಳ್ಳಾಗಿದೆ, ಈಗಲೇ ಬೀದಿ ಖಾಲಿ ಮಾಡಿ ಎಂದ. ಜನ ಕೈಗೆ ಸಿಕ್ಕಿದ್ದನ್ನು ಹೊತ್ತು ಮೈದಾನಕ್ಕೆ ಓಡಿದರು. ಆ ಗಡಿಬಿಡಿಯಲ್ಲಿ ಸೊಸೆ, ತೊಟ್ಟಿಯಲ್ಲಿ ನೆನೆಹಾಕಿದ ತೊಗಲೆಲ್ಲ ಹಾಳಾಗುತ್ತಲ್ಲ ಎಂದು ತನ್ನ ಪಾಡಿಗೆ ತಾನು ಗೊಣಗಿಕೊಂಡಳು. ಮೈದಾನದಲ್ಲಿ ಗಂಟುಮೂಟೆ ಇಳಿಸಿ ತಿರುಗಿ ನೋಡಿದರೆ ಮಾವ ಇಲ್ಲ.

ಅವರು ಎಲ್ಲಿಗೆ ಹೋಗಿರಬಹುದೆಂದು ಹೊಳೆಯುವಷ್ಟರಲ್ಲೇ ಅಣಬೆ ಉರುಳಿತು. ದೊಡ್ಡ ಮೂಟೆ ಕೆಡವಿದ ಹಾಗೆ ಧೊಪ್ಪೆಂದಿತು, ಅಷ್ಟೆ. ಆಮೇಲೆ ಕಂದು ಬಣ್ಣದ ಬೀಜಪುಡಿ ಮೋಡದಂತೆ ಎದ್ದು ಊರನ್ನೇ ಮುಚ್ಚಿತು.

ಅವಳು ಸೆರಗನ್ನು ನೀರಿಗೆ ಅದ್ದಿ ಮೂಗಿಗೆ ಕಟ್ಟಿಕೊಂಡು ಓಡಿದಳು. ಪುಡಿ ಇಳಿಯುವವರೆಗೆ ತಡೆಯಮ್ಮ ಎಂದು ಕಾವಲುಗಾರ ಅಡ್ಡ ಬಂದರೆ ಅವನನ್ನು ತಳ್ಳಿಯೇ ಹೋದಳು. ಬೀದಿಯಿದ್ದ ಕಡೆ ಬೀದಿ ಇರಲಿಲ್ಲ. ಗೋಡೆಗಳ ಮೇಲೆ ಕೊಡೆ ಬೋರಲಾಗಿ ಬಿದ್ದಿತ್ತು. ಪಕ್ಕದ ಮನೆಯ ಬಡಗಿ ಗರಗಸ ತಂದ. ತಮ್ಮ ತೊಟ್ಟಿ ಇದ್ದಿರಬಹುದಾದ ಜಾಗವನ್ನು ಅವಳು ಅಂದಾಜಿನ ಮೇಲೆ ತೋರಿಸಿದಳು. ಅವನು ಕೊಯ್ಯುತ್ತ ಹೋದ, ಅವಳು ತುಂಡುಗಳನ್ನು ಎರಡೂ ಕೈಯಲ್ಲಿ ಬಾಚಿ ಎಸೆಯುತ್ತ ಹೋದಳು. ನಡುನಡುವೆ ಮಾವಾ ಎಂದು ಕೂಗಿದಳು. ಕಿವಿಯಿಟ್ಟು ಕೇಳಿ ಮತ್ತೆ ಬಾಚಿದಳು. ತಾನು ತೊಗಲಿನ ಆ ಮಾತು ಆಡಬಾರದಿತ್ತು ಎನ್ನುವುದೊಂದೇ ಅವಳ ತಲೆಯಲ್ಲಿ ಸುತ್ತುತ್ತಿತ್ತು.

ಒಳಗೆ ಯಾರೋ ಸೀನಿದರು. ಇನ್ನೊಂದು ಸಲ ಸೀನಿದರು. ಬಡಗಿಯ ಕೈ ಅಲ್ಲೇ ನಿಂತಿತು.

"ಆ ಕಡೆ ಕೊಯ್ಬೇಡಪ್ಪ," ಎಂದಿತು ಒಳಗಿನ ದನಿ. "ಅಲ್ಲಿ ನನ್ನ ಕಾಲಿದೆ."

ಕೊಡೆಯ ಅಡಿಯಲ್ಲಿ ಪುಸ್ತಕದ ಹಾಳೆಗಳಂತೆ ಸಾಲಾಗಿ ಪದರಗಳಿರುತ್ತವೆ. ಒಂದೊಂದೂ ಹಾಸಿಗೆಯಷ್ಟು ದಪ್ಪ, ಹಾಸಿಗೆಯಷ್ಟೇ ಮೆತ್ತಗೆ. ಅಂಥ ಎರಡು ಪದರಗಳ ನಡುವಿನ ಸಂದಿ ನೆಟ್ಟಗೆ ಮಾವನ ಮೇಲೆ ಬಂದು ಕೂತಿತ್ತು. ಗೋಡೆ ಕುಸಿದಿತ್ತು, ತೊಟ್ಟಿ ಒಡೆದಿತ್ತು, ಮನುಷ್ಯನಿಗೆ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಿರಲಿಲ್ಲ. ಹೊರಗೆಳೆದಾಗ ಅಡಿಯಿಂದ ಮುಡಿಯವರೆಗೆ ಕಂದು. ಬೆಳ್ಳಗಿದ್ದದ್ದು ಕಣ್ಣು ಮಾತ್ರ. ಕಂಕುಳಲ್ಲಿ ಒದ್ದೆ ತೊಗಲಿನ ಸುರುಳಿ.

"ಹಾಳಾಗುತ್ತೆ ಅಂತ ನೀನೇ ಅಂದ್ಯಲ್ಲಮ್ಮ," ಎಂದರು.

"ಇನ್ಮೇಲೆ ನಾನು ಗೊಣಗಿದ್ರೆ ಕಿವಿಗೆ ಹಾಕ್ಕೋಬೇಡಿ ಮಾವ."

"ಕಿವಿ ತುಂಬ ಪುಡಿ ಕಣಮ್ಮ. ಏನಂದೆ?"

ಬಡಗಿ ಬಿದ್ದು ಬಿದ್ದು ನಕ್ಕ. ಅವಳೂ ನಗಲು ಹೋದಳು, ಅಳು ಬಂತು. ಅಲ್ಲೇ ಕೂತಳು. ಮಾವ ಪಕ್ಕದಲ್ಲಿ ಕೂತು ಅವಳ ಕೂದಲಿಗೆ ಮೆತ್ತಿದ ಪುಡಿಯನ್ನು ಕೊಡವುತ್ತ ಇದ್ದರು.

ಬೀದಿಯವರೆಲ್ಲ ಸಿಕ್ಕಿದರು, ಒಬ್ಬರೂ ಕಡಿಮೆಯಿಲ್ಲ. ಬಿದ್ದ ಅಣಬೆಯಿಂದಲೇ ಎಲ್ಲರ ಗೋಡೆಗೂ ಹಲಗೆಯಾಗಿ ಮಿಗುತ್ತದೆಂದು ಬಡಗಿ ಲೆಕ್ಕ ಹಾಕಿದ. ಮಾರನೆಯ ದಿನ ಮಾವ, ಸೊಸೆ ಕೊಡೆಯ ಸಿಪ್ಪೆ ಸುಲಿಯುತ್ತಿದ್ದಾಗ, ಗುಡ್ಡದ ಮೇಲಿಂದ ಕಂದು ಮೋಡ ಕಂಡ ಗಂಡ ಏದುಸಿರು ಬಿಡುತ್ತ ಬಂದ. ದೂರದಿಂದಲೇ ಇಬ್ಬರನ್ನೂ ನೋಡಿ, ಕೈಯಲ್ಲಿದ್ದ ಗಂಟನ್ನು ಬಿಟ್ಟು ನೆಲದ ಮೇಲೆ ಕೂತುಬಿಟ್ಟ. ಅವಳು ನೀರಿನ ಚೊಂಬು ಹಿಡಿದು ಅವನತ್ತ ನಡೆದಳು.