ಮೀಟರ್ ಬೋರ್ಡಿನ ಕೋಳಿ

ನನ್ನಾಣೆಗೂ ಒಂದಕ್ಷರ ಸುಳ್ಳಿಲ್ಲ, ಸುಳ್ಳಿದ್ರೆ ನನ್ನ ಮೀಸೆ ಈಗಲೇ ಉದುರಿ ಬೀಳಲಿ — ಬಿದ್ದಿಲ್ಲ, ಇದೆ, ತಪಾಸಣೆ ಅಂಗಡಿಯ ಗಾಜಲ್ಲಿ ಕಾಣ್ತಿದೆ, ಗಾಜಿನಾಚೆ ಬಾಗಿಲು ತೆರೆದು ನಿಂತ ನನ್ನ ಕಾರು, ಮೂವತ್ತು ವರ್ಷದ ಮುದುಕಿ, ಅದರೊಳಗೆ ತಪಾಸಣೆ ಮಾಡೋ ಹಾಗೋಪ, ಹೊಗೆ ಪಾಸಾಯ್ತು ಅಂದ, ಉಳಿದಿರೋದು ದೀಪ ಒಂದೇ, ಕೀಗೆ ಕೈ ಹಾಕೋ ಮುಂಚೆ ಕನ್ನಡಕ ಒರೆಸ್ಕೋತಿದಾನೆ, ಒರೆಸಪ್ಪಾ, ಚೆನ್ನಾಗಿ ಒರೆಸು, ಕೋಳಿ ಕಾಣಬೇಕಲ್ಲ ನಿಂಗೆ. ಮೀಟರ್ ಬೋರ್ಡಲ್ಲಿರೋ ಆ ಹಳದಿ ದೀಪ ಇಂಜಿನ್ ಚಿತ್ರವಂತೆ, ನಮ್ಮತ್ತೆ ಅರುಸ್ಯಾಕಮ್ಮನಿಗೆ ಮಾತ್ರ ಅದು ಕಾವಿಗೆ ಕೂತ ಕೋಳಿ, ಈಗ ನನಗೂ ಹಾಗೇ ಕಾಣತ್ತೆ, ಕೀ ತಿರುಗಿಸಿದ ತಕ್ಷಣ ಕೋಳಿ ಕಣ್ಣು ಬಿಡಬೇಕು, ಇಂಜಿನ್ ಶುರುವಾದ್ಮೇಲೆ ಮುಚ್ಚಬೇಕು, ಇಲ್ಲಾಂದ್ರೆ ಸೋಮವಾರ ಕಾರು ಗುಜರಿಗೆ, ಹೆಂಡತಿ ಕ್ನಾರಿಕ್ ಆಗಲೇ ಶೆಡ್ಡು ಅಳೆದಿಟ್ಟಿದಾಳೆ, ಉಪ್ಪಿನಕಾಯಿ ಜಾಡಿಗಳಿಗೆ, ನಿಮ್ಮ ಕಾರಿಗಿಂತ ನನ್ನ ಎಲೆಕೋಸಿನ ಉಪ್ಪಿನಕಾಯಿ ವಾಸಿ ರೀ, ಅದು ಹಾರನ್ ಹೊಡೆಯಲ್ಲ, ಅಂತಾಳೆ.

ಹಾರನ್ — ಎಲ್ಲಾ ಆ ಹಾರನ್ನಿಂದಲೇ, ಭಾಮೈದ ಜಾವೆನ್ ಮದುವೆ, ನಮ್ಮೂರು ಗ್ಲೆಂಡೇಲ್ ಬೀದೀಲಿ ಮದುವೆ ಕಾರುಗಳ ಮೆರವಣಿಗೆ ಹೊರಟರೆ ಸತ್ತವರೂ ಎದ್ದು ಕೂರಬೇಕು ನಮ್ಮ ಜನರಲ್ಲಿ, ಮದುವೆ ಹಾಡು ನುಡಿಸೋ ಹಾರನ್ ಮದುಮಗನೇ ತಂದಿದ್ದ, ಕೋಟು ಹಾಕ್ಕೊಂಡೇ ಸ್ಟೀರಿಂಗ್ ಕೆಳಗೆ ನುಸುಳಿದ, ತಂತಿಗಳೋ ಶಾವಿಗೆ, ಯಾವುದಕ್ಕೆ ಕೊಡೋದು ಭಾವ ಅಂದ, ಕೈಗೆ ಸಿಕ್ಕಿದ್ದಕ್ಕೆ ಕೊಡೋ ಅಂದೆ, ಕೊಟ್ಟ, ಅದು ಕೋಳಿಯ ತಂತಿ, ಅವತ್ತಿಂದ ಕೋಳಿ ಕುರುಡು, ಇಂಜಿನ್‌ಗೆ ಏನೇ ಕಾಯಿಲೆ ಬರಲಿ ದೀಪದ ಬದಲು ಮದುವೆ ವಾಲಗ. ಒಂದು ಬೇಸಿಗೆ ಹೆದ್ದಾರಿ ದಿಣ್ಣೆ ಮೇಲೆ ಇಂಜಿನ್ ಕೆಮ್ಮಿತು, ವಾಲಗ ಶುರು, ಹಿಂದಿದ್ದವರೆಲ್ಲ ಮದುವೆ ಅಂದ್ಕೊಂಡು ಹಾರನ್ ಹೊಡೀತಾ ನಮ್ಮನೆ ಬಾಗಿಲವರೆಗೂ ಬಂದ್ರು, ಅತ್ತೆ ಯಾರನ್ನೂ ಬರೀ ಹೊಟ್ಟೇಲಿ ಕಳಿಸೋಳಲ್ಲ, ದ್ರಾಕ್ಷಿ ಎಲೇಲಿ ಅನ್ನ ಸುತ್ತಿದ ದೋಲ್ಮಾ ಬಡಿಸಿದ್ಲು, ಮದುಮಗಳೆಲ್ಲಿ ಅಂತ ಒಬ್ಬ ಲಾರಿ ಡ್ರೈವರ್ರು, ನಾನೇ, ಯಾಕೆ ಅಂತ ಅತ್ತೆ, ಪಾಪ ಅವನು ಲಾರಿಯಿಂದ ಗೋಡೆ ಗಡಿಯಾರ ತಂದು ಉಡುಗೊರೆ ಕೊಟ್ಟ, ಇವತ್ತಿಗೂ ನಡೀತಿದೆ, ಬೇಕಾದ್ರೆ ಬಂದು ಟೈಮು ನೋಡ್ಲಿ. ಹೋದ ತಿಂಗಳು ಇದೇ ಹಾಗೋಪ ಕೀ ತಿರುಗಿಸಿದ, ವಾಲಗ, ಅಣ್ಣಾ, ದೀಪ ಬರಬೇಕಿತ್ತು, ಹಾಡು ಬಂತು ಅಂದ, ಹಾಡು ಇನ್ನೂ ಒಳ್ಳೇದಲ್ವೇನಪ್ಪಾ ಅಂದೆ, ಫೇಲ್ ಅಂದ.

ಆಮೇಲೆ ಬೋರ್ಡು ಬಿಚ್ಚಿ, ಅಂಗಾತ ಮಲಗಿ, ತಂತಿ ತಂತಿಯಾಗಿ ಮೂಲ ಹುಡುಕಿ ಬೆಸುಗೆ ಹಾಕ್ದೆ, ಜಾವೆನ್ ಟಾರ್ಚು ನನ್ನ ಕಣ್ಣಿಗೇ ಬಿಡ್ತಿದ್ದ, ಹಿಂದಿನ ಸೀಟಲ್ಲಿ ಅತ್ತೆ ಕಾಫಿ ಹೀರ್ಕೊಂಡು, ಅಳಿಯಂದ್ರೇ, ನನ್ನ ಮಗಳನ್ನ ಕೇಳೋಕೆ ಬಂದಾಗ ಎಲೆಕ್ಟ್ರಿಷಿಯನ್ ಅಂದಿದ್ರಲ್ಲಾ, ಅಂದಿದ್ದೆ ಅತ್ತೆ, ನೀವು ನಂಬಿದ್ರಿ. ಹಾರನ್ ಎಸೆಯೋಕೆ ಮನಸ್ಸು ಬರ್ಲಿಲ್ಲ, ರಿವರ್ಸ್ ದೀಪದ ತಂತಿಗೆ ಕೊಟ್ಟೆ, ಎಲ್ಲಾ ಮುಗಿದ್ಮೇಲೆ ಒಂದು ಹಸಿರು ತಂತಿ ಮಿಕ್ತು, ಯಾವುದರದ್ದೋ ದೇವರಿಗೇ ಗೊತ್ತು, ಜೇಬಲ್ಲಿದೆ, ಬೆರಳಿಗೆ ಸುತ್ಕೋತಿದೀನಿ — ಕೀ ತಿರುಗಿಸಿದ — ಕೋಳಿ! ಬೆಣ್ಣೆ ಮುದ್ದೆ ಥರ ಹಳದಿ ಕೋಳಿ! ಎದ್ದಿತೇನ್ರೀ ಅಂತ ಪಕ್ಕದ ಕುರ್ಚಿಯಿಂದ ಅತ್ತೆ, ಎದ್ದಿತು ಅತ್ತೆ, ಇಂಜಿನ್ ಗುರ್ ಅಂತು, ಈಗ ಮಲಗು, ಮಲಗೇ ನನ್ನಮ್ಮಾ, ಮಲಗ್ತಿಲ್ಲ, ಹಸಿರು ತಂತಿ ನಿಂದಾ, ಉಪ್ಪಿನಕಾಯಿ, ಜಾಡಿ, ಸೋಮವಾರ — ಮಲಗ್ತು. ಮಲಗ್ತು! ಹಾಗೋಪ ಹೆಬ್ಬೆರಳೆತ್ತಿದ, ಪಾಸ್, ಕಾರು ಹೊರಗೆ ತೆಗೆಯೋಕೆ ರಿವರ್ಸ್ ಹಾಕಿದ, ವಾಲಗವೋ ವಾಲಗ, ಬೀದೀಲಿ ಯಾರೋ ಚಪ್ಪಾಳೆ, ಅತ್ತೆ ಎದ್ದು ಕೈ ಎತ್ತಿ ಕುಣೀತಿದಾಳೆ, ಅಣ್ಣಾ ಇದೇನು ಅಂದ ಹಾಗೋಪ, ನಿನ್ನ ತಪಾಸಣೇಲಿ ಹಾಡಿನ ಮಾತೇ ಇಲ್ವಲ್ಲಪ್ಪಾ, ಕೇಳಿಲ್ಲಿ, ಒಂದು ಬೇಸಿಗೆ ಹೆದ್ದಾರಿ ದಿಣ್ಣೆ ಮೇಲೆ ಒಬ್ಬ ಲಾರಿ ಡ್ರೈವರ್ರು ನಮ್ಮತ್ತೇನ — ಹಾಗೋಪ ಹೋಗೇಬಿಟ್ಟ, ಮಾತು ಬಾಯಲ್ಲೇ ಇದೆ, ಪರವಾಗಿಲ್ಲ, ಸೀಟಲ್ಲಿ ಕೂತೆ, ಕೀ ತಿರುಗಿಸಿದೆ, ಕೋಳಿ. ಆರಿಸಿದೆ. ಮತ್ತೆ ತಿರುಗಿಸಿದೆ. ಕೋಳಿ.